ಡಿಯೆಲ್ ನಾಮ ಮೀಮಾಂಸೆ

ಸ್ಕಾಟ್ಲೆಂಡಿನ ಲಾನರ್ಕ್‌ಷೈರಿನಲ್ಲೊಂದು ಮನೆತನ. ಹೆಸರು ಬರೆಯುವುದು ಡಿ, ಎ, ಎಲ್, ಝಡ್, ಐ, ಇ, ಎಲ್ ಎಂದು. ಓದುವುದು 'ಡಿಯೆಲ್' ಎಂದು. ದುಡಿಯುವುದು ಮೊದಲಕ್ಷರ, ಕೊನೆಯಕ್ಷರ ಎರಡೇ. ನಡುವಿನ ಐದೂ ಹಾಜರಿ ಹಾಕಿ ಸುಮ್ಮನೆ ಕೂತಿವೆ. ಈ ಪಂಚಾಕ್ಷರೀ ಮೌನವನ್ನು ಭೇದಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಪೂರ್ವಪಕ್ಷ ಹೀಗಿದೆ. ಇಲ್ಲಿರುವ ಝಡ್ ಝಡ್ಡೇ ಅಲ್ಲ. ಹಳೆಯ ಸ್ಕಾಟರ ಬರಹದಲ್ಲಿ 'ಯೋಖ್' ಎಂಬ ಅಕ್ಷರವಿತ್ತು. ಇಂಗ್ಲಿಷಿನ ಮೂರರ ಅಂಕಿಯಂಥ ಆಕಾರ, ಹೆಚ್ಚುಕಡಿಮೆ ನಮ್ಮ ಯಕಾರದ ಉಚ್ಚಾರ. 1508ರ ಹೊತ್ತಿಗೆ ಎಡಿನ್‌ಬರಾದಲ್ಲಿ ಅಚ್ಚುಕೂಟ ಬಂತು. ಮೊಳೆಗಳ ಪೆಟ್ಟಿಗೆಯಲ್ಲಿ ಯೋಖ್ ಇಲ್ಲದೆ ಮುದ್ರಕರು ಝಡ್ ಜೋಡಿಸಿ ಕೈತೊಳೆದುಕೊಂಡರು. ನಮ್ಮ ೞ ತೀರಿಕೊಂಡಾಗ ಅದರ ಜಾಗಕ್ಕೆ ದಾಯಾದಿಯಾದ ಳ ಬಂತು. ಅಲ್ಲಿ ಊರು ಕೇರಿ ಗೊತ್ತಿಲ್ಲದವನು ಬಂದು ಕೂತ. ಈ ವಿವರಣೆ ಸರಳವಾಗಿದೆ, ಎಲ್ಲರಿಗೂ ಅರ್ಥವಾಗುತ್ತದೆ. ಆದಕಾರಣ ವಿದ್ವತ್ತಿಗೆ ತಕ್ಕುದಲ್ಲ.

ಇನ್ನು ಐತಿಹ್ಯ. ರಾಜ ಎರಡನೆಯ ಕೆನೆತ್‌ನ ನೆಂಟನೊಬ್ಬನನ್ನು ವೈರಿಗಳು ನೇಣಿಗೇರಿಸಿದ್ದರಂತೆ. ಹೆಣ ಇಳಿಸಿ ತರುವವರು ಯಾರೆಂದು ರಾಜ ಕೇಳಿದಾಗ ಒಬ್ಬ 'ನನಗೆ ಧೈರ್ಯವುಂಟು' ಎಂದನಂತೆ. ಆ ಮಾತೇ ಹೆಸರಾಯಿತಂತೆ. ಮನೆತನದ ಧ್ಯೇಯವಾಕ್ಯ ಇಂದಿಗೂ ಅದೇ. ಚರಿತ್ರಕಾರರು ಒಪ್ಪುವುದಿಲ್ಲ, ಕ್ಲೈಡ್ ನದಿಯ ಬದಿಯ ಜಹಗೀರಿನಿಂದ ಹೆಸರು ಬಂತು ಎನ್ನುತ್ತಾರೆ. ಪಾಪ.

ನಮ್ಮ ಸಿದ್ಧಾಂತವೇ ಬೇರೆ. ರಾಜ ಕೇಳಿದ್ದು, 'ಈ ಹೆಸರನ್ನು ಗಟ್ಟಿಯಾಗಿ ಓದುವವರು ಯಾರು?' ಎಂದು. ಸಾಕ್ಷಿ ಬೇಕೆ? ವಂಶಲಾಂಛನದಲ್ಲಿ ಬೆತ್ತಲೆ ಗಂಡಸೊಬ್ಬ ಎರಡೂ ಕೈ ಚೆಲ್ಲಿ ನಿಂತಿದ್ದಾನೆ. ಓದಹೋಗಿ ಕೈಚೆಲ್ಲಿದವನು ಅವನೇ. ಬೆತ್ತಲೆ ಏಕೆಂಬುದು ಸಂಪುಟ ಎರಡರ ವಿಷಯ.

ಝಡ್‌ಗೆ ಬದಲಾಗಿ ವೈ ಬರೆಯುವ ಶಾಖೆಯೂ ಉಂಟು. ಅದರಲ್ಲಿ ಸೇನಾಪತಿ ಟಾಮ್ ಪ್ರಸಿದ್ಧ, 1685ರಲ್ಲಿ ತೀರಿಕೊಂಡ. ಒಂದನೆಯ ಚಾರ್ಲ್ಸ್ ದೊರೆಯ ತಲೆ ಉರುಳಿದ ಮೇಲೆ ಗಡ್ಡಕ್ಕೆ ಕತ್ತಿ ಸೋಕಿಸದೆ, ರಷ್ಯದ ತ್ಸಾರನ ಸೈನ್ಯದಲ್ಲೂ ದುಡಿದವನು. ಆತ ಸೈತಾನನನ್ನು ಇಸ್ಪೀಟಿನಲ್ಲಿ ಸೋಲಿಸಿದನೆಂದೂ ಸೈತಾನ ಅಮೃತಶಿಲೆಯ ಮೇಜನ್ನೇ ಎತ್ತಿ ಎಸೆದನೆಂದೂ ಕಥೆ. ಸೋತ ಸಿಟ್ಟಿಗೆ ಎನ್ನುವುದು ಪಾಮರರ ಅರ್ಥ. ಸಾಲಪತ್ರದಲ್ಲಿ ಗೆದ್ದವನ ಹೆಸರಿಗೆ ಝಡ್ ಹಾಕಬೇಕೋ ವೈ ಹಾಕಬೇಕೋ ತಿಳಿಯದ ಸಿಟ್ಟಿಗೆ ಎಂಬುದೇ ಶಾಸ್ತ್ರಸಮ್ಮತ.

ಅದೇ ವಂಶದ, ಅದೇ ಹೆಸರಿನ ಸಂಸದ 1977ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಎದ್ದು ನಿಂತ: ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬಂದ ಮೇಲೂ ಅಲ್ಲಿನ ಸಂಸದರು ಇಂಗ್ಲೆಂಡಿನ ವಿಷಯಗಳಿಗೆ ಮತ ಹಾಕುವುದು ಸರಿಯೇ? 'ವೆಸ್ಟ್ ಲೋಥಿಯನ್ ಪ್ರಶ್ನೆ' ಎಂದು ಖ್ಯಾತವಾದ ಅದನ್ನು ದಶಕಗಟ್ಟಲೆ ಚರ್ಚಿಸಿದರು. ಪ್ರಶ್ನೆಗೆ ಕೇಳಿದವನ ಹೆಸರಿಡದೆ ಅವನ ಕ್ಷೇತ್ರದ ಹೆಸರಿಟ್ಟದ್ದು ಏಕೆಂದು ಓದುಗರೇ ಊಹಿಸಬಹುದು.