ಭಾವನ ಸಾಸಿವೆ ಕೋವಿ

ಸಾಗರದ ಕಡೆಯ ನಮ್ಮ ಊರಿನಲ್ಲಿ ಕೋವಿ ಇರುವ ಮನೆ ಎಂದರೆ ಅದಕ್ಕೊಂದು ತೂಕ. ಕೋವಿಗಿಂತ ಲೈಸೆನ್ಸಿನ ತೂಕವೇ ಹೆಚ್ಚು ಅನ್ನಿ. ನಮ್ಮ ಮನೆಯಲ್ಲಿರುವುದು ಅಪ್ಪನ ಕಾಲದ ಹನ್ನೆರಡು ಬೋರಿನ ಒಂಟಿ ನಳಿಗೆ. ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗೆ’ ಎಂದು ಬರೆದಿದೆ. ಅದು ರಕ್ಷಿಸಿದ ಬೆಳೆ ಎಷ್ಟೋ ದೇವರೇ ಬಲ್ಲ. ಮಂಗ ಬಂದಾಗ ಆಕಾಶಕ್ಕೊಂದು ಈಡು ಹೊಡೆದರೆ ಮಂಗ ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತದೆ, ಅವರು ಹೊಡೆದರೆ ನಮ್ಮಲ್ಲಿಗೆ ಬರುತ್ತದೆ. ಉಳಿದಂತೆ ಆ ಕೋವಿ ಮಾಡಿದ ಪ್ರಯಾಣವೆಲ್ಲ ಪೊಲೀಸ್ ಠಾಣೆಗೆ. ಚುನಾವಣೆ ಘೋಷಣೆ ಆಯಿತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿಸಿ, ಠಾಣೆಯಲ್ಲಿ ಠೇವಣಿ ಇಟ್ಟು ರಶೀದಿ ತರಬೇಕು. ನಮ್ಮ ದೇಶದಲ್ಲಿ ಚುನಾವಣೆಗೆ ಬರವೇ? ತೋಟದಲ್ಲಿ ಇದ್ದದ್ದಕ್ಕಿಂತ ಆ ಕೋವಿ ಠಾಣೆಯಲ್ಲಿ ಇದ್ದದ್ದೇ ಹೆಚ್ಚು.

ಇಂಥ ಕೋವಿಯ ಯಜಮಾನನಾದ ನಾನು ತಂಗಿಯ ಮನೆಗೆಂದು ಅಮೆರಿಕದ ಓಹಾಯೋಗೆ ಹೋದೆ. ತಂಗಿಯ ಗಂಡ ಅಲ್ಲಿ ನೆಲೆಸಿ ಮೂವತ್ತು ವರ್ಷ ದಾಟಿತು, ಅಲ್ಲಿನ ಪ್ರಜೆಯೂ ಆಗಿದ್ದಾನೆ. ನಮ್ಮಲ್ಲಿ ನಾನು ಅವನಿಗೂ ಭಾವ, ಅವನು ನನಗೂ ಭಾವ. ಹಾಗಾಗಿ ಗೌರವದ ಖರ್ಚು ಕಡಿಮೆ. ಹೋದ ಮಾರನೆಯ ದಿನವೇ ಗ್ಯಾರೇಜಿಗೆ ಕರೆದೊಯ್ದು, ಕಬ್ಬಿಣದ ಕಪಾಟಿನ ಬೀಗ ತೆಗೆದು, ಮದುವೆಗೆ ಮಾಡಿಸಿದ ಒಡವೆ ತೋರಿಸುವವನ ಹಾಗೆ ಮೂರು ಕೋವಿ ತೋರಿಸಿದ. ಮೊದಲನೆಯದು ನಮ್ಮ 12ರದ್ದೇ ಜಾತಿ, ಎರಡು ನಳಿಗೆ ಒಂದರ ಮೇಲೊಂದು. ಎರಡನೆಯದು ಅದಕ್ಕಿಂತ ಸಪೂರ. ಮೂರನೆಯದು ಹಿಡಿಸೂಡಿಯ ಕೋಲಿನಷ್ಟಿತ್ತು.

‘ಹೋಯ್ ಭಾವ, ಇದು ಮಕ್ಕಳದ್ದಾ?’ ಎಂದೆ.

ಅವನ ಮುಖ ನೋಡಬೇಕಿತ್ತು. ‘ಇದು ಫೋರ್ ಟೆನ್. ಇದರಲ್ಲಿ ಹೊಡೆಯಲು ಎದೆ ಬೇಕು’ ಎಂದ. ಹಿಂದೆಯೇ ಪಾಠ ಶುರುವಾಯಿತು.

ಕೋವಿಯ ಬೋರಿನ ಲೆಕ್ಕ ತಲೆಕೆಳಗಿನದು. ಒಂದು ಪೌಂಡು ಸೀಸದಲ್ಲಿ ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಉಂಡೆ 12 ಆದರೆ ಅದು 12ರ ಕೋವಿ. 28 ಉಂಡೆ ಆದರೆ 28ರದ್ದು. ನಂಬರು ಏರಿದಷ್ಟೂ ಬಾಯಿ ಕಿರಿದು. ನನಗಿದು ತಟ್ಟನೆ ಹೊಳೆಯಿತು. ಗೇರುಬೀಜದ ವ್ಯಾಪಾರವೂ ಹೀಗೇ ಅಲ್ಲವೇ? 180 ಎಂದರೆ ದಪ್ಪ ಬೇಳೆ, 320 ಎಂದರೆ ಸಣ್ಣದು, ಪೌಂಡಿಗೆ ಎಷ್ಟು ಬೇಳೆ ಎಂಬುದೇ ನಂಬರು. ಹಾಗಾದರೆ ಈ ಫೋರ್ ಟೆನ್‌ಗೆ ಪೌಂಡಿಗೆ 410 ಉಂಡೆಯೇ ಎಂದು ಕೇಳಿದೆ. ಅಲ್ಲವಂತೆ. ಅದೊಂದಕ್ಕೆ ಮಾತ್ರ ಲೆಕ್ಕ ಬೇರೆ: ನಳಿಗೆಯ ಬಾಯಿ 0.410 ಇಂಚು, ಅಂದರೆ ಹತ್ತು ಮಿಲಿಮೀಟರು ಚಿಲ್ಲರೆ. ಗೇರುಬೀಜದ ಲೆಕ್ಕಕ್ಕೆ ತಂದರೆ ಸುಮಾರು 67 ಆಗುತ್ತದೆ. ಎಲ್ಲರೂ ಒಂದು ದಾರಿ ಹಿಡಿದರೆ ಇನ್ನೊಂದು ದಾರಿ ಹಿಡಿಯುವ ಕಿರಿಸೊಸೆ ಪ್ರತಿ ಮನೆಯಲ್ಲೂ ಒಬ್ಬಳಿರುತ್ತಾಳೆ, ಕೋವಿಗಳ ಮನೆಯಲ್ಲೂ ಇದ್ದಾಳೆ.

ಇದರಲ್ಲಿ ಹೊಡೆಯುವುದು ಏನನ್ನು? ಬಸಿಯನ್ನು! ಮಗುಚಿ ಹಾಕಿದ ಕಾಫಿ ಬಸಿಯಂಥ ಕಿತ್ತಳೆ ಬಣ್ಣದ ಬಿಲ್ಲೆ. ಅಡ್ಡಗಲ 108 ಮಿಲಿಮೀಟರು, ತೂಕ ಸುಮಾರು 100 ಗ್ರಾಂ. ಹೆಸರು ‘ಮಣ್ಣಿನ ಪಾರಿವಾಳ’. ಇವತ್ತಿನದರಲ್ಲಿ ಮಣ್ಣೂ ಇಲ್ಲ, ಪಾರಿವಾಳವಂತೂ ಮೊದಲೇ ಇಲ್ಲ. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹೊಡೆದದ್ದು. ಯಂತ್ರ ಅದನ್ನು ಸುತ್ತಿಸಿ ಎಸೆಯುತ್ತದೆ, ನೆಲಕ್ಕೆ ಬೀಳುವ ಮೊದಲು ಹೊಡೆದು ಪುಡಿ ಮಾಡಬೇಕು. ಕೊಡಗಿನವರು ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯುತ್ತಾರೆ, ಆ ಕಾಯಿ ಇಟ್ಟಲ್ಲೇ ಇರುತ್ತದೆ, ಒಡೆದರೆ ಚಟ್ನಿಗಾದರೂ ಆದೀತು. ಇದು ಹಾರುತ್ತದೆ, ಒಡೆದರೆ ಚಟ್ನಿಗೂ ಇಲ್ಲ.

ಗುಂಡು ಎಂದರೆ ಒಂದೇ ಗುಂಡಲ್ಲ, ಚರೆ. ಭಾವ ಒಂದು ತೋಟಾ ಬಿಡಿಸಿ ನನ್ನ ಅಂಗೈಗೆ ಸುರಿದ. ಎರಡು ಮಿಲಿಮೀಟರಿನ ಕಾಳು, ಥೇಟ್ ಸಾಸಿವೆ. 12ರ ತೋಟಾದಲ್ಲಿ ಇಂಥವು 650ರ ಹತ್ತಿರ ಹಿಡಿಯುತ್ತವೆ. 28ರದ್ದರಲ್ಲಿ 440. ಫೋರ್ ಟೆನ್‌ನಲ್ಲಿ ಅರ್ಧ ಔನ್ಸು, ಅಂದರೆ 14 ಗ್ರಾಂ, ಕಾಳು 300ಕ್ಕೂ ಒಂದಿಷ್ಟು ಕಡಿಮೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಒಗ್ಗರಣೆಗೇ ಅದಕ್ಕಿಂತ ಹೆಚ್ಚು ಹಾಕುತ್ತಾರೆ. ಹಾರುವ ಬಸಿಗೆ ಇಷ್ಟೇ ಸಾಸಿವೆ ಎರಚಿ ಒಡೆಯಬೇಕು. ಎರಚಿದ್ದು ದೂರ ಹೋದಂತೆ ಹರಡಿ, ಕಾಳಿನ ನಡುವೆ ಬಸಿ ನುಸುಳಿ ಹೋಗುವಷ್ಟು ಜಾಗ ಬೀಳುತ್ತದಂತೆ.

‘ಮತ್ತೆ 12ರದ್ದರಲ್ಲೇ ಹೊಡೆಯಬಹುದಲ್ಲ?’ ಎಂದೆ.

‘12ರದ್ದರಲ್ಲಿ ಯಾರು ಬೇಕಾದರೂ ಹೊಡೆಯುತ್ತಾರೆ!’

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರು ಬೆಳ್ಳಿ ಗೆದ್ದದ್ದು ಇಂಥ ಬಸಿಗಳನ್ನು 12ರ ಕೋವಿಯಲ್ಲಿ ಹೊಡೆದೇ. ಅಂದು ಇದೇ ಭಾವ ಫೋನು ಮಾಡಿ ಕುಣಿದಾಡಿದ್ದ. ಈಗ ಅವರೂ ‘ಯಾರು ಬೇಕಾದರೂ’ ಪಟ್ಟಿಗೆ ಸೇರಿದರು.

ಇನ್ನು ತೋಟಾದ ಬೆಲೆ. ಸೀಸ ಅರ್ಧಕ್ಕಿಂತ ಕಡಿಮೆ, ಮದ್ದೂ ಕಡಿಮೆ, ಪ್ಲಾಸ್ಟಿಕ್ಕೂ ಕಡಿಮೆ. ಆದರೆ ಅಂಗಡಿಯಲ್ಲಿ ಫೋರ್ ಟೆನ್ ತೋಟಾಕ್ಕೆ 12ರದ್ದಕ್ಕಿಂತ ಜಾಸ್ತಿ ದುಡ್ಡು. ಕೊಳ್ಳುವವರು ಕಡಿಮೆ, ಹಾಗಾಗಿ ಮಾಡುವುದೂ ಕಡಿಮೆ, ಬೆಲೆ ಮೇಲೆ. ಕಡಿಮೆ ಸಾಮಾನಿಗೆ ಹೆಚ್ಚು ದುಡ್ಡು ಕೊಟ್ಟು, ಕಡಿಮೆ ಬಸಿ ಒಡೆದು, ಹೆಚ್ಚು ಖುಷಿ ಪಡುವ ಈ ವ್ಯಾಪಾರ ನನ್ನ ಅಡಿಕೆ ಮಂಡಿಯ ಬುದ್ಧಿಗೆ ಹತ್ತಲಿಲ್ಲ. ಭಾವನಿಗೂ ಜೇಬು ಸುಟ್ಟಿರಬೇಕು, ಖಾಲಿ ತೋಟಾ ತಂದು ಗ್ಯಾರೇಜಿನಲ್ಲಿ ತಾನೇ ತುಂಬುತ್ತಾನೆ. ಮೇಜಿಗೆ ಬಿಗಿದ ಯಂತ್ರದ ಹಿಡಿ ಎಳೆದರೆ ಹಳೆಯ ಕೇಪು ಕಳಚುತ್ತದೆ, ಇನ್ನೊಮ್ಮೆ ಎಳೆದರೆ ಹೊಸ ಕೇಪು ಕೂರುತ್ತದೆ, ಆಮೇಲೆ ಮದ್ದು, ಪ್ಲಾಸ್ಟಿಕ್ ಬಿರಡೆ, ಚರೆ, ಕೊನೆಗೆ ಬಾಯಿ ಮಡಚುವುದು. ಕಿರುಬೆರಳಿನಷ್ಟು ತೋಟಾ, ಭಾವನ ದಪ್ಪ ಬೆರಳು. ಮದ್ದು ಒಂದು ಚೂರು ಚೆಲ್ಲಿದರೂ ಆ ತೋಟಾ ಪಕ್ಕಕ್ಕೆ. ಅಷ್ಟು ಶ್ರದ್ಧೆಯಿಂದ ಅವನು ಸಂಧ್ಯಾವಂದನೆ ಮಾಡಿದ್ದನ್ನು ನಾನು ಕಂಡಿಲ್ಲ.

ಶನಿವಾರ ಮೈದಾನಕ್ಕೆ ಹೋದೆವು. ನಾನು ಪ್ರವಾಸಿ ವೀಸಾದವನು. ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ನಮ್ಮಂಥವರು ಕೋವಿ ಮುಟ್ಟಲು ಅಲ್ಲಿನ ಕಾನೂನು ಬಿಡುವುದಿಲ್ಲ. ಊರಿನಲ್ಲಿ ಚುನಾವಣೆ, ಇಲ್ಲಿ ವೀಸಾ, ನನ್ನ ಹಣೆಯಲ್ಲಿ ಕೋವಿಯೋಗ ಬರೆದಿಲ್ಲ. ಪಾಪ ಎನಿಸಿ ಭಾವ ಬಸಿ ಹಾರಿಸುವ ಗುಂಡಿಯ ಡಬ್ಬಿ ನನ್ನ ಕೈಗೆ ಕೊಟ್ಟ. ಅವನು ‘ಪುಲ್’ ಎಂದು ಕೂಗಿದ ಕೂಡಲೇ ನಾನು ಒತ್ತಬೇಕು. ಮೊದಲು ಇದು ನಿಜವಾಗಿಯೂ ಎಳೆಯುವ ಕೆಲಸವೇ ಆಗಿತ್ತು. ಇಂಗ್ಲೆಂಡಿನಲ್ಲಿ ಹಳೇ ಟೋಪಿಯ ಕೆಳಗೋ ಪೆಟ್ಟಿಗೆಯೊಳಗೋ ಜೀವಂತ ಪಾರಿವಾಳ ಇಟ್ಟು, ದಾರ ಎಳೆದು ಹಾರಲು ಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕ್ರೀಡೆಗಳಲ್ಲೂ ಈ ಪಂದ್ಯ ನಡೆದು, ಬೆಲ್ಜಿಯಂನವನೊಬ್ಬ 21 ಪಾರಿವಾಳ ಹೊಡೆದು ಗೆದ್ದ. ಇತ್ತ ಅಮೆರಿಕದಲ್ಲಿ ಪಾರಿವಾಳಕ್ಕೆ ಬದಲು ಗಾಜಿನ ಬುರುಡೆ ಬಂದಿತ್ತು. ಕೆಲವರು ಅದರೊಳಗೆ ಪುಕ್ಕ ತುಂಬುತ್ತಿದ್ದರು, ಒಡೆದರೆ ಹಕ್ಕಿ ಸತ್ತ ಹಾಗೆ ಪುಕ್ಕ ಹಾರಬೇಕಲ್ಲ! 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬಾತ ಸುಟ್ಟ ಮಣ್ಣಿನ ಬಿಲ್ಲೆ ತಂದ. ಹುಡುಗರು ಚಿಪ್ಪನ್ನು ನೀರಿನ ಮೇಲೆ ಕಪ್ಪೆ ಹಾರಿಸಿದಂತೆ ಎಸೆಯುವುದನ್ನು ಕಂಡು ಅವನಿಗೆ ಹೊಳೆಯಿತು ಎನ್ನುತ್ತಾರೆ. ಸಿನ್ಸಿನಾಟಿ ಭಾವನ ಜಿಲ್ಲಾ ಕೇಂದ್ರವಿದ್ದ ಹಾಗೆ, ಹಾಗಾಗಿ ಲಿಗೌಸ್ಕಿಯನ್ನು ತನ್ನ ಸೋದರಮಾವ ಎಂಬಂತೆ ಮಾತಾಡುತ್ತಾನೆ.

ನನಗೆ ನೆನಪಾದದ್ದು ಜನ್ನ. 1209ರ ಯಶೋಧರ ಚರಿತೆಯಲ್ಲಿ ಜೀವದ ಬಲಿ ಬೇಡವೆಂದು ಹಿಟ್ಟಿನ ಹುಂಜ ಮಾಡಿ ಕಡಿದರೆ ಅದು ಕೂಗಿತು, ಆ ಪಾಪ ಜನ್ಮಜನ್ಮಕ್ಕೂ ಬೆನ್ನು ಬಿಡಲಿಲ್ಲ. ಲಿಗೌಸ್ಕಿಯ ಹಕ್ಕಿಯೂ ಸುಮ್ಮನಿರಲಿಲ್ಲವಂತೆ, ಮಣ್ಣು ಗಟ್ಟಿಯಾಗಿ ಬೆಂದಿದ್ದರೆ ಚರೆ ತಗುಲಿದಾಗ ಒಡೆಯದೆ ಗಂಟೆಯಂತೆ ಠಣ್ ಎನ್ನುತ್ತಿತ್ತು. ‘ನೋಡು ಭಾವ, ನಾವು ಮೊಟ್ಟೆ ಕೂಡ ತಿನ್ನುವವರಲ್ಲ. ಸಂಕಲ್ಪ ಹಿಂಸೆ ಸುತ್ತಿಕೊಂಡೀತು’ ಎಂದೆ. ‘ನನ್ನ ಸಂಕಲ್ಪದಲ್ಲಿ ಬಸಿಯೇ ಇರುವುದು’ ಎಂದ. ಮುಂದೆ ವಾದಿಸಲು ನನ್ನಲ್ಲಿ ಶಾಸ್ತ್ರ ಸಾಲದು.

ಅಂದು ಆಡಿದ್ದು ಸ್ಕೀಟ್. ಎಡಕ್ಕೊಂದು ಎತ್ತರದ ಗೂಡು, ಬಲಕ್ಕೊಂದು ತಗ್ಗಿನ ಗೂಡು, ನಡುವೆ ಅರ್ಧ ಚಂದ್ರದಂತೆ ಏಳು ನಿಲ್ದಾಣ, ಎಂಟನೆಯದು ಎರಡೂ ಗೂಡಿನ ಮಧ್ಯೆ. ಒಂದು ಸುತ್ತಿಗೆ 25 ಈಡು. ಶುರುವಿನಲ್ಲಿ ಪೂರ್ತಿ ವೃತ್ತವೇ ಇತ್ತು. 1920ರ ಹೊತ್ತಿಗೆ ಮ್ಯಾಸಚೂಸೆಟ್ಸಿನ ಆಂಡೋವರಿನಲ್ಲಿ ಚಾರ್ಲ್ಸ್ ಡೇವಿಸ್ ಮತ್ತು ಗೆಳೆಯರು ಕಾಡುಕೋಳಿ ಬೇಟೆಯ ಅಭ್ಯಾಸಕ್ಕೆಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಹೊಡೆಯುತ್ತಿದ್ದರು. ಪಕ್ಕದವನು ಅಲ್ಲಿ ಕೋಳಿ ಸಾಕಣೆ ಶುರು ಮಾಡಿದ. ಚರೆ ಹೋಗಿ ಕೋಳಿಗಳ ಮೇಲೆ ಬೀಳುವುದು ಬೇಡವೆಂದು ಅರ್ಧ ವೃತ್ತ ಕತ್ತರಿಸಿ ಹಾಕಿದರು. ಇವತ್ತು ಒಲಿಂಪಿಕ್ಸಿನಲ್ಲೂ ಆ ಅರ್ಧ ಚಂದ್ರ ಇದೆಯೆಂದರೆ ಅದು ನೆರೆಮನೆಯ ಕೋಳಿಯ ಮಹಿಮೆ. ಬೇಲಿಜಗಳದಲ್ಲಿ ಕೋರ್ಟಿಗೆ ಅಲೆಯುವ ನಮ್ಮೂರಿನವರಿಗೆ ಈ ಕತೆ ಹೇಳಬೇಕು. 1926ರಲ್ಲಿ ಆಟಕ್ಕೆ ಹೆಸರಿಡಲು ಪತ್ರಿಕೆಯಲ್ಲಿ ಸ್ಪರ್ಧೆ ಕರೆದು, ಮೊಂಟಾನಾದ ಗರ್ಟ್ರೂಡ್ ಹರ್ಲ್‌ಬಟ್ ಎಂಬ ಹೆಂಗಸಿಗೆ 100 ಡಾಲರು ಕೊಟ್ಟರು. ‘ಸ್ಕೀಟ್’ ಎಂದರೆ ಸ್ಕ್ಯಾಂಡಿನೇವಿಯಾದ ಕಡೆಯ ಮಾತಿನಲ್ಲಿ ಹೊಡೆ ಎಂದಷ್ಟೇ ಅರ್ಥವಂತೆ. ಮಗುವಿಗೆ ‘ಮಗು’ ಎಂದೇ ಹೆಸರಿಟ್ಟ ಹಾಗೆ.

ಮೊದಲ ಸುತ್ತು 12ರದ್ದು. ಭಾವ 20 ಒಡೆದ. ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ಸುತ್ತಿಗೆ ಸಾಸಿವೆ ಕೋವಿ ಹೊರಬಂತು. ಈಗ ಜೊತೆಗಾರರೆಲ್ಲ ‘ಓಹೋ, ಫೋರ್ ಟೆನ್!’ ಎಂದು ಕೊರಳು ಉದ್ದ ಮಾಡಿದರು. ಇನ್ನೂ ಒಂದು ಈಡೂ ಹಾರಿಲ್ಲ, ಆಗಲೇ ಮರ್ಯಾದೆ!

ಭಾವನ ದನಿ ಮೊದಲೇ ಗಂಟಲಿನದು. ಒಮ್ಮೆ ಕೆಮ್ಮಿದ, ನಾನು ಒತ್ತಿಬಿಟ್ಟೆ. ಬಸಿ ಹಾರಿತು, ಅವನಿನ್ನೂ ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದ. ಆಮೇಲೊಮ್ಮೆ ಎತ್ತರದ ಗೂಡಿನದು ಕೇಳಿದರೆ ನಾನು ತಗ್ಗಿನ ಗೂಡಿನದು ಬಿಟ್ಟೆ. ಅವನು ಎಡಕ್ಕೆ ನೋಡುತ್ತಿದ್ದಾನೆ, ಹಕ್ಕಿ ಬೆನ್ನ ಹಿಂದಿನಿಂದ ನಮಸ್ಕಾರ ಹೇಳಿ ಹೋಯಿತು. ಇವೆರಡೂ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು. ಲೆಕ್ಕಕ್ಕೆ ಬಂದವುಗಳಲ್ಲಿ ನಾಲ್ಕನೆಯ ನಿಲ್ದಾಣ ಕಷ್ಟದ್ದು. ಅಲ್ಲಿ ಬಸಿ ಮೂಗಿನ ಮುಂದೆ ಅಡ್ಡ ಹಾಯುತ್ತದೆ, ಹೊಡೆಯುವವನು ಅದಕ್ಕಿಂತ ಮೂರುನಾಲ್ಕು ಅಡಿ ಮುಂದಿನ ಖಾಲಿ ಗಾಳಿಗೆ ಹೊಡೆಯಬೇಕು, ಹೊಡೆದ ಮೇಲೂ ಕೋವಿ ತಿರುಗುತ್ತಲೇ ಇರಬೇಕು. ಭಾವ ಎರಡು ಸಲವೂ ನಿಲ್ಲಿಸಿದ. ನನಗೇ ಕಾಣುವಷ್ಟು ಸ್ಪಷ್ಟವಾಗಿ ನಿಲ್ಲಿಸಿದ.

‘ಹಿಂದೆ ಹೋಯಿತು ಭಾವ.’

‘ಹಿಂದೆ ಅಲ್ಲ, ಮಧ್ಯೆ. ಚರೆಯ ಸಂದಿಯಲ್ಲಿ ನುಸುಳಿತು. ಅರ್ಧ ಔನ್ಸು ಅಲ್ಲವಾ!’

ಆಗ ನನಗೆ ಈ ಸಣ್ಣ ಕೋವಿಯ ಗುಟ್ಟು ತಿಳಿಯಿತು. 12ರದ್ದರಲ್ಲಿ ತಪ್ಪಿದರೆ ತಪ್ಪು ಹೊಡೆದವನದು. ಫೋರ್ ಟೆನ್‌ನಲ್ಲಿ ತಪ್ಪಿದರೆ ತಪ್ಪು ಸಾಸಿವೆಯದು. ಹೊಡೆದರೆ ಮಾತ್ರ ಕೀರ್ತಿ ಪೂರ್ತಿ ಇವನಿಗೇ. ಇಂಥ ಅನುಕೂಲದ ಆಯುಧ ಅರ್ಜುನನಿಗೂ ಸಿಕ್ಕಿರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಎಂಟನೆಯ ನಿಲ್ದಾಣದಲ್ಲಿ ಬಸಿ ತಲೆಯ ಮೇಲೇ ನುಗ್ಗಿ ಬರುತ್ತದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಭಾವ ಎರಡನ್ನೂ ಒಡೆದ. ಒಡೆದದ್ದಲ್ಲ, ಕರಗಿಸಿದ. ಕಪ್ಪು ಹೊಗೆಯ ಉಂಡೆಯೊಂದು ಗಾಳಿಯಲ್ಲಿ ನಿಂತು, ಮೆಲ್ಲಗೆ ಸರಿದುಹೋಯಿತು. ಅಷ್ಟು ಸಣ್ಣ ಸದ್ದಿಗೆ ಅಷ್ಟು ಚಂದದ ಪುಡಿ! ನನ್ನ ಬಾಯಿಂದಲೂ ‘ಆಹಾ’ ಬಂತು. ಭಾವ ಅದನ್ನು ಕೇಳಿಸಿಕೊಂಡ, ಊಟದ ಹೊತ್ತಿಗೆ ಮೂರು ಸಲ ನೆನಪಿಸಿದ.

ಒಟ್ಟು 17. ಎಲ್ಲರೂ ಬೆನ್ನು ತಟ್ಟಿದರು. 20ಕ್ಕೆ ಸಿಗದ ಚಪ್ಪಾಳೆ 17ಕ್ಕೆ. ಭಾವ ಬಗ್ಗಿ, ಅಡಿಕೆ ಹೆಕ್ಕಿದ ಹಾಗೆ ಒಂದೊಂದೇ ಖಾಲಿ ತೋಟಾ ಹೆಕ್ಕಿ ಚೀಲಕ್ಕೆ ಹಾಕಿಕೊಂಡ. ಕೋವಿಗಳೆಲ್ಲ ಬಾಯಿ ತೆರೆದು ಸ್ಟ್ಯಾಂಡಿಗೆ ಹೋದ ಮೇಲೆ, ಕೇಳಿ ಒಪ್ಪಿಗೆ ಪಡೆದು, ನಾನೂ ಹುಲ್ಲಿಗೆ ಇಳಿದು ಹೆಕ್ಕಿದೆ. ನಾನು ಹೆಕ್ಕಿದ್ದು ಬೇರೆ. ಗುರಿ ತಪ್ಪಿಸಿಕೊಂಡು, ಬಿದ್ದರೂ ಒಡೆಯದೆ ಉಳಿದ ಬಸಿಗಳು ಹುಲ್ಲಿನಲ್ಲಿ ಕಿತ್ತಳೆ ಹೂವಿನಂತೆ ಕೂತಿದ್ದವು. ಐದು ಸಿಕ್ಕವು.

ಮನೆಗೆ ಬಂದು ತಂಗಿಯ ಮುಂದೆ ಸಾಲಾಗಿ ಇಟ್ಟೆ. ‘ಇವೆಲ್ಲ ಬೇರೆಯವರದ್ದು!’ ಎಂದು ಭಾವ ಕೂಗಿಕೊಂಡ. ಬಸಿಯ ಮೇಲೆ ಹೆಸರು ಬರೆದಿರುತ್ತದೆಯೇ? ತಂಗಿ ಒಂದನ್ನೂ ಹಾಳು ಮಾಡಲಿಲ್ಲ. ತುಳಸಿ ಕುಂಡದ ಕೆಳಗೊಂದು, ದಾಸವಾಳಕ್ಕೊಂದು, ಮಲ್ಲಿಗೆಗೆ ಎರಡು, ಕಿಟಕಿಯ ಸೇವಂತಿಗೆಗೊಂದು, ಮಗುಚಿ ಇಟ್ಟು ನೀರು ಹಿಡಿಯುವ ತಟ್ಟೆ ಮಾಡಿಕೊಂಡಳು. ಆಮೇಲೆ ಭಾವನ ಕಡೆ ತಿರುಗಿ ಕೇಳಿದಳು:

‘ಮುಂದಿನ ಶನಿವಾರವೂ ಹೋಗುತ್ತೀರಲ್ಲ? ಗುಲಾಬಿಗೆ ಇನ್ನೂ ನಾಲ್ಕು ಬೇಕು. ಆ ಸಣ್ಣದನ್ನೇ ತೆಗೆದುಕೊಂಡು ಹೋಗಿ, ಅದರಲ್ಲಾದರೆ ಜಾಸ್ತಿ ಸಿಗುತ್ತವೆ.’