ಚಾಂಪಿಯನ್ ತನಕ

ನಡೆದು ದಣಿಯುವುದಕ್ಕೆ ಕನ್ನಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾತುಗಳಿವೆ. ಬೀಸುಗಾಲು ಹಾಕಿದವನು ಮೊದಲು ಏದುತ್ತಾನೆ, ಆಮೇಲೆ ತೇಕುತ್ತಾನೆ, ಬಳಿಕ ಕಾಲೆಳೆಯುತ್ತಾನೆ, ಕಡೆಗೆ ದೇಕುತ್ತಾನೆ. ಇಷ್ಟನ್ನೂ ನಾನು ಕೆಜಿಎಫ್‌ನ ಎರಡು ರೈಲ್ವೆ ಸ್ಟೇಷನ್‌ಗಳ ನಡುವೆ ಪೂರೈಸಿದೆ.

ಗಣಿಗಳಿಗೆಂದೇ 1894ರಲ್ಲಿ ಹಾಕಿದ ಕವಲು ಹಳಿಯದು. ಬಂಗಾರಪೇಟೆಯಿಂದ ಹೊರಟು ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಮಾರಿಕುಪ್ಪಂನಲ್ಲಿ ಇಳಿದದ್ದೇ, "ಊರಿಗಾಂ ತನಕ ನಡೆದು ಅಲ್ಲಿ ರೈಲು ಹತ್ತೋಣ" ಎಂದೆ. ಪಾರ್ಕಿನ ಬೆಂಚಿನ ಮೇಲೆ ಕೂತು ನಡಿಗೆಯ ಲಾಭಗಳನ್ನು ದಿನವೂ ವಿವರಿಸುವವನು ನಾನು.

"ಬಿಸಿಲೈತೆ ಭಾವ" ಎಂದ ಹೆಂಡತಿಯ ತಮ್ಮ. ಇಲ್ಲಿಯೇ ಹುಟ್ಟಿ ಬೆಳೆದವನು.

ಬೀಸುಗಾಲು ಮೊದಲ ತಿರುವಿನವರೆಗೆ ಬಂತು. ಅಲ್ಲಿಂದ ಸಯನೈಡ್ ದಿಬ್ಬಗಳು ಕಂಡವು. ಅದುರನ್ನು ಅರೆದು, ಸಯನೈಡಿನಿಂದ ಚಿನ್ನ ಸೆಳೆದುಕೊಂಡ ಮೇಲೆ ಉಳಿದ ಮಣ್ಣಿನ ಬೆಟ್ಟಗಳವು. ಬೆಟ್ಟದಷ್ಟೇ ಎತ್ತರ, ನೆರಳು ಮಾತ್ರ ನನ್ನ ಪಾಲಿಗಿಲ್ಲ. ಏದುವುದು ಮುಗಿದು ತೇಕು ಶುರುವಾಯಿತು. ಭಾವಮೈದ ನನ್ನ ಚೀಲವನ್ನೂ ಹೊತ್ತು, ಸಿಳ್ಳೆ ಹಾಕುತ್ತಾ ಮುಂದೆ ಹೋಗುತ್ತಿದ್ದ. ಸಿಳ್ಳೆಗೂ ಉಸಿರು ಮಿಗಿಸಿಕೊಂಡವನನ್ನು ಕಂಡರೆ ನನಗಾಗುವುದಿಲ್ಲ.

ಗಣಿ ಕಾರ್ಮಿಕರ ಲೈನ್ ಮನೆಗಳ ಹತ್ತಿರ ಒಬ್ಬ ಹಿರಿಯರು ನನ್ನ ಸ್ಥಿತಿ ನೋಡಿ ಜಗಲಿ ತೋರಿಸಿದರು. ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿತಲ್ಲ, ಅಲ್ಲಿಯವರೆಗೂ ಇಳಿದಿದ್ದರಂತೆ.

"ಎಷ್ಟು ಆಳ ಸ್ವಾಮಿ?" ಎಂದೆ, ತೇಕುತ್ತಲೇ.

"3 ಕಿಲೋಮೀಟರ್ ಮೇಲೇನೇ ಇತ್ತು. ಕೆಳಗಡೆ ಬಂಡೆ ಮುಟ್ಟಿದ್ರೆ ಸುಡೋದು. ನೀವು ಎಲ್ಲಿಂದ ನಡ್ಕೊಂಡು ಬಂದ್ರಿ?"

"ಮಾರಿಕುಪ್ಪಂ."

ಅವರು ಆ ದಿಕ್ಕಿಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಏನೂ ಅನ್ನದೆ ಇನ್ನೊಂದು ಚೊಂಬು ನೀರು ತರಿಸಿದರು. ಬೈದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಮುಂದಿನದೆಲ್ಲ ಕಾಲೆಳೆತ: ನನ್ನ ಕಾಲನ್ನು ಅರ್ಧ ನಾನು ಎಳೆದೆ, ಅರ್ಧ ಭಾವಮೈದ ಎಳೆದ. ಪ್ಲಾಟ್‌ಫಾರ್ಮಿನ ಮೆಟ್ಟಿಲನ್ನು ಕೂತೇ ದೇಕಿ ಹತ್ತಿದೆ. ತಲೆ ಎತ್ತಿದರೆ ಬೋರ್ಡಿನಲ್ಲಿ ದಪ್ಪ ಅಕ್ಷರ: ಚಾಂಪಿಯನ್. ಅದರ ಕೆಳಗೆ ನನ್ನನ್ನು ಕೂರಿಸಿ ಫೋಟೋ ತೆಗೆದ. ಊರಿಗಾಂ ಇನ್ನೂ ಮುಂದಿತ್ತು. ಅದರ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಸಂಜೆ ಬಂಗಾರಪೇಟೆಯಲ್ಲಿ ಪಾನಿಪೂರಿ. ಈ ಊರಿನ ಪಾನಿ ಕುಡಿಯುವ ನೀರಿನಷ್ಟೇ ತಿಳಿ. ಖಾರ ಎಲ್ಲಿ ಅಡಗಿದೆಯೋ ಕಣ್ಣಿಗೆ ಕಾಣದು, ಕಣ್ಣಲ್ಲಿ ಮಾತ್ರ ನೀರು ತರಿಸುತ್ತದೆ. ಗಾಡಿಯನ್ನು ಹಿಡಿದು ನಿಂತಿದ್ದ ನನ್ನನ್ನು ಕಂಡು ಗಾಡಿಯವನಿಗೆ ಕನಿಕರ.

"ಅಂತರಗಂಗೆ ಬೆಟ್ಟ ಹತ್ತಿ ಬಂದ್ರಾ ಸಾರ್?"

ಹೂಂ ಅನ್ನಲು ಬಾಯಿ ತೆರೆದೆ. ಬಾಯಲ್ಲಿ ಪೂರಿಯಿತ್ತು. ಭಾವಮೈದನ ಬಾಯಿ ಖಾಲಿಯಿತ್ತು.

"ಇಲ್ಲಣ್ಣ, ಒಂದು ಸ್ಟೇಷನ್ ನಡೆದವ್ರೆ."