ರಜಾ ಜೋಯಿಸರು

ಜಾತಕದಲ್ಲಿ ಶನಿ ನಾಲ್ಕನೇ ಮನೆಗೆ ಬಂದ ಎಂದರೆ ನಮ್ಮ ಜನ ಎಳ್ಳೆಣ್ಣೆ ಬಾಟಲಿ ಹಿಡಿದು ದೇವಸ್ಥಾನಕ್ಕೆ ಓಡುತ್ತಾರೆ. ರಜಾ ಜೋಯಿಸರ ಶಾಸ್ತ್ರವೇ ಬೇರೆ. ಅವರ ಪಾಲಿಗೆ ನಾಲ್ಕನೇ ಶನಿಯಷ್ಟು ಶುಭಗ್ರಹ ಇನ್ನೊಂದಿಲ್ಲ. ಸರಿಸಾಟಿ ಎಂದರೆ ಎರಡನೇ ಶನಿ. ಶುಕ್ರವಾರ ಒಂದು ಹಬ್ಬ ಬಿದ್ದು ಮರುದಿನ ಈ ಇಬ್ಬರಲ್ಲಿ ಒಬ್ಬ ಶನಿ ಕೂಡಿಕೊಂಡರೆ ಅದು ರಾಜಯೋಗ. ಹಬ್ಬ ಹೋಗಿ ಭಾನುವಾರ ಬಿದ್ದರೆ ಗ್ರಹಣ.

ಅವರು ಹುಟ್ಟಿನಿಂದ ಜೋಯಿಸರಲ್ಲ. ತಿಥಿ, ನಕ್ಷತ್ರ ಅವರಿಗೆ ಅಷ್ಟಕ್ಕಷ್ಟೆ. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು, ಊರು ಸಾಗರದ ಕಡೆ, ವಯಸ್ಸು ಐವತ್ತರ ಆಸುಪಾಸು. ಬಿರುದು ಸೆಕ್ಷನ್ನಿನವರು ಕೊಟ್ಟದ್ದು. ಈ ಜಾತಿಯವರು ಕಚೇರಿಗೆ ಒಬ್ಬರಂತೆ ನಾಡಿನ ತುಂಬ ಇದ್ದಾರೆ. ಬ್ಯಾಂಕಿನ ಕ್ಯಾಷ್ ಕೌಂಟರಿನ ಹಿಂದೆ ಇದ್ದಾರೆ, ಹೈಸ್ಕೂಲಿನ ಸ್ಟಾಫ್ ರೂಮಿನ ಕಿಟಕಿ ಪಕ್ಕ ಇದ್ದಾರೆ. ಗುರುತು ಹಿಡಿಯುವುದು ಸುಲಭ: ಮೇಜಿನ ಗಾಜಿನ ಕೆಳಗೆ ರಾಘವೇಂದ್ರ ಸ್ವಾಮಿಗಳ ಸಣ್ಣ ಪಟ, ಅದರ ಪಕ್ಕದಲ್ಲಿ ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಆ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿ. ಪಟ್ಟಿಯ ಮೇಲೆ ಕೆಂಪು, ಹಸಿರು, ನೀಲಿ ಇಂಕಿನ ಗೆರೆಗಳು. ಎಷ್ಟೋ ಕಡತಗಳು ಅವರ ಮೇಜಿನಿಂದ ಅಷ್ಟು ನೀಟಾಗಿ ಹೊರಬಿದ್ದಿಲ್ಲ.

ನವೆಂಬರ್ ಬಂತೆಂದರೆ ಜೋಯಿಸರಿಗೆ ಊಟ ರುಚಿಸುವುದಿಲ್ಲ. ಮುಂದಿನ ವರ್ಷದ ರಜಾಪಟ್ಟಿ ಸಾಮಾನ್ಯವಾಗಿ ಹೊರಡುವುದು ಆಗಲೇ. ಅಧಿಸೂಚನೆ ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಷಣ ಬೇರೆಯವರು ಮೇಲಿನಿಂದ ಓದಲು ಶುರುಮಾಡಿದರೆ, ಜೋಯಿಸರು ಕೆಳಗಿನಿಂದ ಓದುತ್ತಾರೆ. ಭಾನುವಾರ ಬಿದ್ದ ಹಬ್ಬಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಅವುಗಳ ಹೆಸರು ಕೆಳಗೆ ಟಿಪ್ಪಣಿಯಲ್ಲಿ ಬರುತ್ತದೆ, ನಿಧನವಾರ್ತೆಯ ಹಾಗೆ. 2025ರಲ್ಲಿ ಗಣರಾಜ್ಯೋತ್ಸವ ಭಾನುವಾರ, ಯುಗಾದಿ ಭಾನುವಾರ, ಮೊಹರಂ ಭಾನುವಾರ, ಕಡೆಗೆ ಮಹಾಲಯ ಅಮಾವಾಸ್ಯೆಯೂ ಭಾನುವಾರ. ಜೋಯಿಸರು ಕುರ್ಚಿಯಲ್ಲಿ ಕೂತಲ್ಲೇ ನಾಲ್ಕಕ್ಕೂ ಎಳ್ಳುನೀರು ಬಿಟ್ಟರು. ಗಾಂಧಿ ಜಯಂತಿ ಮತ್ತು ವಿಜಯದಶಮಿ ಎರಡೂ ಅಕ್ಟೋಬರ್ 2ರಂದೇ ಬಂದದ್ದು ನೋಡಿ ಮಾತ್ರ ಬಾಯಿಬಿಟ್ಟು ನೊಂದುಕೊಂಡರು.

"ಒಂದೇ ಎಲೆಗೆ ಇಬ್ಬರನ್ನು ಕೂರಿಸಿದ ಹಾಗಾಯ್ತು ನೋಡಿ ಮೇಡಂ" ಎಂದರು ಎದುರು ಮೇಜಿನವರಿಗೆ.

ಮೇಡಂ ತಲೆ ಎತ್ತಲಿಲ್ಲ. ಅವರಿಗೆ ಇದು ಹದಿನಾರನೇ ನವೆಂಬರ್.

ಕೊಡಗಿನವರ ಮೇಲೆ ಜೋಯಿಸರಿಗೆ ಹಳೆಯ ಹೊಟ್ಟೆಕಿಚ್ಚು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ — ಈ ಮೂರು ಸ್ಥಳೀಯ ರಜೆಗಳು ಆ ಜಿಲ್ಲೆಗೆ ಮಾತ್ರ. ಒಮ್ಮೆ ಮಡಿಕೇರಿಗೆ ವರ್ಗಾವಣೆ ಕೇಳುವ ಮನಸ್ಸೂ ಮಾಡಿದ್ದರು. ಅಲ್ಲಿಂದ ಸಾಗರಕ್ಕೆ ಹೋಗಿಬರಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿದಾಗ ಮೂರರಲ್ಲಿ ಎರಡು ರಜೆ ಬಸ್ಸಿನಲ್ಲೇ ಕರಗುತ್ತದೆ ಎಂದು ಗೊತ್ತಾಗಿ ಕೈಬಿಟ್ಟರು.

ಸರ್ಕಾರಿ ನೌಕರನ ಜೋಳಿಗೆಯಲ್ಲಿ ಹಲವು ಬಗೆಯ ರಜೆಗಳಿವೆ, ಒಂದೊಂದರ ಜೊತೆಗೂ ಜೋಯಿಸರದು ಒಂದೊಂದು ಸಂಬಂಧ. ಗಳಿಕೆ ರಜೆ ಲಾಕರಿನಲ್ಲಿಟ್ಟ ಒಡವೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಖಾತೆಗೆ ಬೀಳುತ್ತದೆ; 300 ದಿನದವರೆಗೆ ಕೂಡಿಟ್ಟರೆ ನಿವೃತ್ತಿಯ ದಿನ ದುಡ್ಡಾಗುತ್ತದೆ. ಅಲ್ಲದೆ ಗಳಿಕೆ ರಜೆಯ ನಡುವೆ ಸಿಕ್ಕಿಕೊಂಡ ಭಾನುವಾರವೂ ರಜೆಯ ಲೆಕ್ಕಕ್ಕೇ ಹೋಗುವುದರಿಂದ ಅದನ್ನು ಮುಟ್ಟುವುದು ಮೂರ್ಖತನ. ಪರಿಮಿತ ರಜೆ ವರ್ಷಕ್ಕೆ ಎರಡೇ, ಉದ್ದನೆಯ ಪಟ್ಟಿಯಿಂದ ಆರಿಸಿಕೊಳ್ಳಬೇಕು. ಜೋಯಿಸರು ಜಾತಿ ಮತ ನೋಡದೆ, ವಾರ ಮಾತ್ರ ನೋಡಿ ಆರಿಸುತ್ತಾರೆ. ಅವರ ನಿಜವಾದ ಅಸ್ತ್ರ ಸಾಂದರ್ಭಿಕ ರಜೆ, ಎಲ್ಲರ ಬಾಯಲ್ಲಿ ಸಿ.ಎಲ್.

ಸಂದರ್ಭ ಒದಗಿದಾಗ ತೆಗೆದುಕೊಳ್ಳುವುದು ಸಾಂದರ್ಭಿಕ ರಜೆ. ಜೋಯಿಸರ ಸಂದರ್ಭಗಳು ಹನ್ನೊಂದು ತಿಂಗಳು ಮೊದಲೇ ನಿಗದಿಯಾಗಿರುತ್ತವೆ. 2025ರ ಏಪ್ರಿಲ್ 11ರ ಶುಕ್ರವಾರಕ್ಕೆ ಅವರು ಜನವರಿ ಮೊದಲ ವಾರದಲ್ಲೇ ಅರ್ಜಿ ಬರೆದಿಟ್ಟಿದ್ದರು: "ಊರಿನಲ್ಲಿ ತುರ್ತು ಕೆಲಸವಿರುವ ಪ್ರಯುಕ್ತ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಿ, ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕಾಗಿ ಕೋರಿಕೆ." ತುರ್ತು ಏನೆಂದರೆ, 10ರ ಗುರುವಾರ ಮಹಾವೀರ ಜಯಂತಿ, 12 ಎರಡನೇ ಶನಿವಾರ, 13 ಭಾನುವಾರ, 14ರ ಸೋಮವಾರ ಅಂಬೇಡ್ಕರ್ ಜಯಂತಿ. ಒಂದು ಸಿ.ಎಲ್. ಬಿತ್ತಿದರೆ ಐದು ದಿನದ ಬೆಳೆ. ಅಂಥ ಬೆಳೆ ಅಡಿಕೆಯಲ್ಲೂ ಇಲ್ಲ ಎನ್ನುವುದು ಅವರ ಅಭಿಪ್ರಾಯ.

ಸೂಪರಿಂಟೆಂಡೆಂಟ್ ಒಮ್ಮೆ ಕೇಳಿದ್ದುಂಟು: "ಅಲ್ರೀ, ನಿಮ್ಮೂರಲ್ಲಿ ತುರ್ತು ಕೆಲಸ ಎಲ್ಲಾ ಶುಕ್ರವಾರವೇ ಬರೋದು ಯಾಕೆ?"

"ದೈವ ಸಂಕಲ್ಪ ಸಾರ್."

ಆ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ವರಮಹಾಲಕ್ಷ್ಮಿ ವ್ರತ ಯಾವ ವರ್ಷವೂ ಶುಕ್ರವಾರ ತಪ್ಪಿಸುವುದಿಲ್ಲ. ಗುಡ್ ಫ್ರೈಡೆಯ ಹೆಸರಿನಲ್ಲೇ ವಾರವಿದೆ. ನೌಕರರ ಕಷ್ಟ ಬಲ್ಲವರು ಇವರಿಬ್ಬರೇ ಎಂದು ಜೋಯಿಸರು ಸರ್ವಧರ್ಮ ಸಮಭಾವದಿಂದ ಹೇಳುತ್ತಾರೆ. 2025ರ ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ ಬಂದು, 9 ಎರಡನೇ ಶನಿವಾರವಾಗಿ, ಒಂದು ಪರಿಮಿತ ರಜೆಗೆ ಮೂರು ದಿನ ಸಿಕ್ಕಿತು. ಹೆಂಡತಿ ಕಲಶ ಕೂರಿಸಿದ್ದನ್ನು ಅವರು ಅಷ್ಟು ಭಕ್ತಿಯಿಂದ ನೋಡಿದ್ದು ಅದೇ ಮೊದಲು. ಇನ್ನು ಚಂದ್ರದರ್ಶನದ ಹಬ್ಬಗಳು ಬಂದಾಗ ಪಕ್ಕದ ಸೆಕ್ಷನ್ನಿನ ಸಾಹೇಬರಿಗೆ ಹಿಂದಿನ ಸಂಜೆಯಿಂದಲೇ ಫೋನು. "ನಮಗಿಂತ ಮುಂಚೆ ನೀವೇ ಆಕಾಶ ನೋಡ್ತೀರಲ್ಲ ಸ್ವಾಮಿ" ಎಂದು ಅವರು ನಗುತ್ತಾರೆ.

2019ರ ಜೂನ್‌ನಲ್ಲಿ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆ ಮಾಡಿ, ಬದಲಿಗೆ ಸಿ.ಎಲ್. ಅನ್ನು 15ರಿಂದ 10ಕ್ಕೆ ಇಳಿಸಿತು. ಕಚೇರಿಯೆಲ್ಲ ಹನ್ನೆರಡು ಶನಿವಾರ ಬಂತೆಂದು ಕುಣಿಯಿತು. ಜೋಯಿಸರು ಮಂಕಾಗಿ ಕೂತರು. ಹನ್ನೆರಡು ಬಂದು ಐದು ಹೋದರೆ ಏಳು ಲಾಭವಲ್ಲವೇ ಎಂದು ಯಾರೋ ಸಮಾಧಾನ ಹೇಳಿದರು. "ಸಿ.ಎಲ್. ಅಂದ್ರೆ ಕೈಯಲ್ಲಿರೋ ಕಾಸು ಕಣಪ್ಪಾ, ಎಲ್ಲಿ ಬೇಕಾದ್ರೂ ಖರ್ಚು ಮಾಡಬಹುದು. ಶನಿವಾರ ಅಂದ್ರೆ ರೇಷನ್ ಅಕ್ಕಿ; ಕೊಟ್ಟ ದಿನ ತಗೋಬೇಕು" ಎಂದರು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಎರಡು ಅಧ್ಯಾಯ ತೆಗೆದುಕೊಳ್ಳುವ ವಿಷಯ ಇದು.

ಅವರ ಅಕ್ಕನ ಮಗ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆಯಂತೆ ಅಂಥವರಿಗೆ ಕಡ್ಡಾಯವಾಗಿ ಸಿಗಬೇಕಾದ್ದು ಹತ್ತು ದಿನ. ಅದರಲ್ಲಿ ಐದು ಮೊದಲೇ ಗೊತ್ತಾದವು, ನವೆಂಬರ್ 1ರ ರಾಜ್ಯೋತ್ಸವವೂ ಸೇರಿ. "ಮಾವ, ನಮಗೆ ಪ್ರತಿ ಶನಿವಾರ ರಜಾ" ಎಂದು ಹುಡುಗ ಹೇಳಿದರೆ ಜೋಯಿಸರು ಕನಿಕರದಿಂದ ನೋಡುತ್ತಾರೆ. ಎಲ್ಲ ಶನಿವಾರವೂ ರಜೆಯಾದ ಮೇಲೆ ಶಾಸ್ತ್ರಕ್ಕೆ ಏನು ಕೆಲಸ?

ಅವರ ಲೆಕ್ಕವನ್ನು ಒಬ್ಬರು ಮಾತ್ರ ಮುರಿದಿದ್ದಾರೆ, ಅದು ಚುನಾವಣಾ ಆಯೋಗ. 2023ರ ವಿಧಾನಸಭಾ ಚುನಾವಣೆಗೆ ಮೇ 10ರ ಬುಧವಾರವನ್ನು ಆರಿಸಿದಾಗ ಆಗಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ಕಾರಣ ಬಿಚ್ಚಿ ಹೇಳಿದರು: ಸೋಮವಾರವೋ ಮಂಗಳವಾರವೋ ಇಟ್ಟರೆ ಜನ ಒಂದು ರಜೆ ಸೇರಿಸಿ ಊರು ಬಿಡುತ್ತಾರೆ, ಬುಧವಾರವಾದರೆ ಎರಡು ರಜೆ ಬೇಕಾಗುತ್ತದೆ. ದೆಹಲಿಯಲ್ಲಿ ಕೂತವರಿಗೆ ತಮ್ಮ ಮನಸ್ಸು ಗೊತ್ತಾಗಿಬಿಟ್ಟಿದ್ದಕ್ಕೆ ಜೋಯಿಸರಿಗೆ ಒಳಗೊಳಗೇ ಹೆಮ್ಮೆ. ಮರುವರ್ಷ ಲೋಕಸಭೆಗೆ ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26ರ ಶುಕ್ರವಾರ. 27 ನಾಲ್ಕನೇ ಶನಿವಾರ. ರಾಜಯೋಗವೇ ಸರಿ! ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ 55 ಮುಟ್ಟಲಿಲ್ಲ. ಎಲ್ಲರೂ ಊರಿಗೆ ಹೋಗಿದ್ದರೆಂದು ಹೇಳಲಾಗದು, ಮನೆಯಲ್ಲೇ ಮಲಗಿದ್ದವರೂ ಇದ್ದಾರು. ಜೋಯಿಸರಂತೂ ಊರಿನಲ್ಲಿರಲಿಲ್ಲ. ಅವರಿಗೆ ಚುನಾವಣಾ ಕರ್ತವ್ಯದ ಆದೇಶ ಬಂದಿತ್ತು. ಮತಯಂತ್ರದ ಪೆಟ್ಟಿಗೆ ಹೊತ್ತು ಒಂದು ಶಾಲೆಯ ಕೋಣೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆಯಿಂದ ಸಂಜೆವರೆಗೆ ಬಂದವರ ಬೆರಳಿಗೆ ಶಾಯಿ ಹಚ್ಚಿದರು.

ಪಟ್ಟಿಯಲ್ಲಿಲ್ಲದ ರಜೆಗಳು ಅವರನ್ನು ಬೇರೆ ರೀತಿ ಕಾಡುತ್ತವೆ. 2024ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಬುಧವಾರ, 28 ನಾಲ್ಕನೇ ಶನಿವಾರ. ನಡುವಿನ ಎರಡು ದಿನಕ್ಕೆ ಎರಡು ಸಿ.ಎಲ್. ಹಾಕಿ ಊರಿಗೆ ಹೋಗಿದ್ದರು. 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡ ಸುದ್ದಿ ಬಂತು; 27ಕ್ಕೆ ಸರ್ಕಾರಿ ರಜೆ ಘೋಷಣೆಯಾಯಿತು. ಜೋಯಿಸರಿಗೆ ಆ ಮನುಷ್ಯನ ಮೇಲೆ ನಿಜಕ್ಕೂ ಗೌರವವಿತ್ತು, ಟಿವಿ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ನೆಟ್‌ವರ್ಕ್ ಸಿಗುವ ತೆಂಗಿನಮರದ ಬುಡದಲ್ಲಿ ನಿಂತು, ತಮ್ಮ 27ರ ಸಿ.ಎಲ್. ರದ್ದುಮಾಡಬೇಕೆಂದು ಸೂಪರಿಂಟೆಂಡೆಂಟರಿಗೆ ಮೆಸೇಜು ಕಳಿಸಿದರು.

ರಜೆ ಸಿಕ್ಕ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಸಾಲು ರಜೆ ಎಂದರೆ ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗವಿಲ್ಲ, ಖಾಸಗಿ ಬಸ್ಸಿನ ದರ ಕೇಳುವ ಹಾಗಿಲ್ಲ. ಉಳಿದದ್ದು ತಾಳಗುಪ್ಪ ರೈಲು. ಮೊದಲು 120 ದಿನ ಮುಂಚೆ ಟಿಕೆಟ್ ಕಾಯ್ದಿರಿಸಬಹುದಿತ್ತು. ಊರಿಗೆಲ್ಲ ಹಬ್ಬ ನೆನಪಾಗುವ ಮುನ್ನ ಜೋಯಿಸರ ಬರ್ತು ಖಾತ್ರಿ. 2024ರ ನವೆಂಬರ್ 1ರಿಂದ ರೈಲ್ವೆ ಅದನ್ನು 60 ದಿನಕ್ಕೆ ಇಳಿಸಿತು. ದೂರದೃಷ್ಟಿ ಇದ್ದವನಿಗೂ ಇಲ್ಲದವನಿಗೂ ಒಂದೇ ಸಾಲು. 2025ರ ದೀಪಾವಳಿಗೆ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ, ಬಲಿಪಾಡ್ಯಮಿ 22ರ ಬುಧವಾರ. 18ರ ಶನಿವಾರಕ್ಕೊಂದು, 21ರ ಮಂಗಳವಾರಕ್ಕೊಂದು ಸಿ.ಎಲ್. ಇಟ್ಟರೆ ಐದು ದಿನ. ಹೊರಡುವುದು 17ರ ರಾತ್ರಿ. ಬುಕಿಂಗ್ ತೆರೆಯುವುದು ಆಗಸ್ಟ್ 18ರ ಸೋಮವಾರ ಬೆಳಗ್ಗೆ 8ಕ್ಕೆ.

ಆಗಸ್ಟ್ 18ರ ಬೆಳಗ್ಗೆ 8ಕ್ಕೆ ಜೋಯಿಸರು ಎಲ್ಲಿದ್ದರು? ಸ್ವಾತಂತ್ರ್ಯೋತ್ಸವದ ಶುಕ್ರವಾರಕ್ಕೆ ಒಂದು ಶನಿವಾರ ಹೊಲಿದು ಮೂರು ದಿನ ಊರಿನಲ್ಲಿದ್ದು, ಭಾನುವಾರ ರಾತ್ರಿ ಹತ್ತಿದ ಬಸ್ಸಿನಲ್ಲಿ ವಾಪಸು ಬರುತ್ತಾ, ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಕಾಲು ಗಂಟೆಯಿಂದ ನಿಂತಿದ್ದರು. ಎಡಗೈಯಲ್ಲಿ ಮೇಲಿನ ಕಂಬಿ, ಬಲಗೈಯಲ್ಲಿ ಮೊಬೈಲು. ಒಂದು ರಜೆಯಿಂದ ಇಳಿಯುವ ಮುಂಚೆಯೇ ಇನ್ನೊಂದಕ್ಕೆ ಹತ್ತುವ ಸಾಹಸ. ಒ.ಟಿ.ಪಿ. ಬರುವ ಹೊತ್ತಿಗೆ ಬಸ್ಸು ಜಗ್ಗಿತು, ಬೆರಳು ಜಾರಿತು, ವೇಯ್ಟಿಂಗ್ ಲಿಸ್ಟು 43.

ಆದರೂ ಹೋದರು, ಹೇಗೋ. ಮಲೆನಾಡಿನಲ್ಲಿ ದೀಪಾವಳಿಯೇ ದೊಡ್ಡ ಹಬ್ಬ. ಪಾಡ್ಯದ ಬೆಳಗ್ಗೆ ಜೋಯಿಸರ ತಮ್ಮ ಕೊಟ್ಟಿಗೆಯಲ್ಲಿ ದನಗಳ ಮೈ ತೊಳೆದು, ಅಡಿಕೆ, ಹೂವಿನ ಸರ ಕಟ್ಟಿ ಗೋಪೂಜೆಗೆ ಅಣಿಮಾಡುತ್ತಿದ್ದರೆ, ಅಣ್ಣ ಜಗಲಿಯಲ್ಲಿ ಕೂತು ಮನೆಯ ಪಂಚಾಂಗ ತಿರುವಿಹಾಕುತ್ತಿದ್ದರು. ಹುಲ್ಲಿನ ಹೊರೆ ಹಿಡಿದು ಹಾದುಹೋಗುತ್ತಾ ತಮ್ಮ ಕೇಳಿದ: "ಏನ್ ನೋಡ್ತಿದೀಯೋ, ಪೂಜೆಗೆ ಮುಹೂರ್ತವಾ?"

"ಶಿವರಾತ್ರಿ" ಎಂದರು ಜೋಯಿಸರು, ಧ್ವನಿ ಕುಸಿದು. "ಫೆಬ್ರವರಿ ಹದಿನೈದು. ಭಾನುವಾರ."

ತಮ್ಮ ಏನೂ ಹೇಳದೆ ಕೊಟ್ಟಿಗೆಗೆ ನಡೆದ. ಹಾಲು ಕರೆಯುವ ಹೊತ್ತಾಗಿತ್ತು.

ಡಿಸೆಂಬರ್ ಹೊತ್ತಿಗೆ ಜೋಯಿಸರ ಕೈಯಲ್ಲಿ ಉಳಿದದ್ದು ಒಂದೇ ಸಿ.ಎಲ್. ಅದರ ಮೇಲೆ ವರ್ಷಾರಂಭದಿಂದ ಹೆಸರು ಬರೆದಿತ್ತು: 26, ಶುಕ್ರವಾರ. ಹಿಂದಿನ ದಿನ ಕ್ರಿಸ್‌ಮಸ್, ಮರುದಿನ ನಾಲ್ಕನೇ ಶನಿ, ಅದರಾಚೆ ಭಾನುವಾರ. ನಾಲ್ಕು ದಿನ, ವರ್ಷದ ಕೊನೆಯ ಫಸಲು. 16ರ ಮಂಗಳವಾರ ಅವರಿಗೆ ಜ್ವರ ಬಂತು.

ಬುಧವಾರ ಅವರು ಮಂಕಿಟೋಪಿ, ಮಫ್ಲರು, ಎರಡು ಸ್ವೆಟರಿನಲ್ಲಿ ಕಚೇರಿಗೆ ಬಂದರು. ಕಣ್ಣು ಕೆಂಡ, ಮೂಗು ನಲ್ಲಿ. ಕೆಮ್ಮಿದರೆ ಗಾಜಿನ ಕೆಳಗಿನ ಪಟ್ಟಿಯೂ ಅದುರುತ್ತಿತ್ತು. ಸೂಪರಿಂಟೆಂಡೆಂಟರೇ ಎದ್ದು ಬಂದರು.

"ರೀ, ಮನೆಗೆ ಹೋಗಿ ಮಲಕ್ಕೊಳ್ರೀ. ಸಿ.ಎಲ್. ಹಾಕಿ, ನಾನೇ ಸ್ಯಾಂಕ್ಷನ್ ಮಾಡ್ತೀನಿ."

"ಬೇಡ ಸಾರ್. ಅದು ಇಪ್ಪತ್ತಾರಕ್ಕೆ ಬೇಕು."

"ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಬೇರೆ ರಜೆ ತಗೊಳ್ರೀ ಹಾಗಾದ್ರೆ."

"ಅದನ್ನ ಮಂಗಳವಾರ, ಬುಧವಾರಕ್ಕೆಲ್ಲ ಸುಟ್ಟರೆ ಹೇಗೆ ಸಾರ್? ಹಿಂದೆ ಮುಂದೆ ಏನೂ ಇಲ್ಲ" ಎಂದು ಜೋಯಿಸರು ಕಡತ ಎಳೆದುಕೊಂಡರು. ಆ ವಾರ ಅವರು ಮಾಡಿದಷ್ಟು ಕೆಲಸವನ್ನು ಸೆಕ್ಷನ್ನಿನವರು ಅದುವರೆಗೆ ಕಂಡಿರಲಿಲ್ಲ.

ಇಪ್ಪತ್ತನಾಲ್ಕರ ಸಂಜೆ ಮೈ ಬೆವರಿ ಜ್ವರ ಪೂರ್ತಿ ಬಿಟ್ಟಿತು. ಅವರು ಹುರುಪಿನಿಂದ ಬ್ಯಾಗು ಹೆಗಲಿಗೇರಿಸಿ, ಎಲ್ಲರಿಗೂ ಹೊಸ ವರ್ಷದ ಶುಭಾಶಯ ಹೇಳಿ ರೈಲು ಹತ್ತಿದರು. 26ರ ಶುಕ್ರವಾರ ಆ ಸೆಕ್ಷನ್ನಿನಲ್ಲಿ ಸಿ.ಎಲ್. ಮುಗಿದವರು ಮೂವರು ಹಾಜರಿದ್ದರು. ಮೂವರೂ ಮಫ್ಲರ್ ಸುತ್ತಿಕೊಂಡಿದ್ದರು, ಎದುರು ಮೇಜಿನ ಮೇಡಂ ಜೋಯಿಸರ ಖಾಲಿ ಕುರ್ಚಿಯ ಕಡೆ ತಿರುಗಿ ಕೆಮ್ಮುತ್ತಿದ್ದರು.